ಹಿಡಿಯುವ ಮಾತು

ಆ ಊರಿನಲ್ಲಿ ಬಚ್ಚಲುಮನೆ ಬೀದಿಬಾಗಿಲ ಪಕ್ಕದಲ್ಲೇ ಇರುತ್ತದೆ. ಮೊದಲ ಸಲ ಹೋದವರಿಗೆ ಇದು ಒಂಥರಾ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಬೀದಿಬಾಗಿಲೂ ಬೇಕಾದ್ದಕ್ಕಿಂತ ಅಗಲ. ಹೊಸ್ತಿಲ ಒಳಗೆ ಒಂದು ಮಂಚ ಹಿಡಿಸುವಷ್ಟು ಜಾಗ, ಕೈಗೆಟುಕುವ ಹಾಗೆ ನೀರಿನ ಗಡಿಗೆ, ಗೋಡೆಯಲ್ಲಿ ದೀಪ ಇಡುವ ಗೂಡು. ಈ ಜಾಗವನ್ನು ಯಾರೂ ಬೇರೆ ಕೆಲಸಕ್ಕೆ ಬಳಸುವುದಿಲ್ಲ. ಖಾಲಿ ಬಿದ್ದಿದ್ದರೂ ದಿನಾ ಗುಡಿಸಿ ಒರೆಸುತ್ತಾರೆ. ಯಾರಿಗೆ ಯಾವಾಗ ಬೇಕಾಗುತ್ತದೋ ಹೇಳಲು ಬರುವುದಿಲ್ಲ.

ಹೊರಡುವವರು ಆ ಊರಿನ ಭಾಷೆಯಲ್ಲಿ 'ಬರುತ್ತೇನೆ' ಎಂದು ಹೇಳಿದರೆ ಕೇಳಿದವರು ಅಲ್ಲೇ ಉಳಿದುಬಿಡುತ್ತಾರೆ. ಹೇಳಿದವರು ವಾಪಸ್ಸು ಬಂದು ಎದುರಿಗೆ ನಿಲ್ಲುವವರೆಗೆ ಅವರಿಗೆ ಆ ಜಾಗ ಬಿಡಲು ಆಗುವುದಿಲ್ಲ. ಕೂರಬಹುದು, ಮಲಗಬಹುದು, ಒಂದೆರಡು ಹೆಜ್ಜೆ ಆಚೀಚೆ ಆಡಬಹುದು. ಅದರಾಚೆಗೆ ಕಾಲು ಬರುವುದಿಲ್ಲ. ಊರವರು ಇದಕ್ಕೆ 'ಹಿಡಿಯಿತು' ಅನ್ನುತ್ತಾರೆ, ಜ್ವರ ಹಿಡಿಯಿತು ಅಂದಷ್ಟೇ ಸಹಜವಾಗಿ. ಅವರ ಭಾಷೆಯ ಆ ಪದವನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾರಾದರೂ ಜೋರಾಗಿ ಓದಿಯಾರು ಎಂದು ಭಯ.

ಹಾಗಾಗಿ ಅಲ್ಲಿ ಯಾರಾದರೂ ಊರಿಗೆ ಹೊರಟರೆ ಮನೆಯವರು ಬೆನ್ನು ತಿರುಗಿಸಿ ಪಾತ್ರೆ ಬಡಿಯುತ್ತಾರೆ. ಹೊರಡುವವರ ಬಾಯಿಂದ ತಪ್ಪಿ ಏನಾದರೂ ಬಿದ್ದರೂ ಕಿವಿಗೆ ಹೋಗದಿರಲಿ ಎಂದು. ಬಸ್‌ಸ್ಟ್ಯಾಂಡಿಗೆ ಯಾರೂ ಯಾರನ್ನೂ ಕಳಿಸಲು ಬರುವುದಿಲ್ಲ. ಬೆಳಗ್ಗೆ ಮೊದಲ ಬಸ್ಸಿನ ಹೊತ್ತಿಗೆ ಬೀದಿಯುದ್ದಕ್ಕೂ ತಟ್ಟೆ, ಸೌಟು, ಕೊಡಗಳ ಸದ್ದು. ನಾನು ಮೊದಲ ಸಲ ಕೇಳಿದಾಗ ಯಾವುದೋ ಮದುವೆ ಇರಬೇಕು ಅಂದುಕೊಂಡೆ.

ನನ್ನ ಕೆಲಸ ಹೊಲಿಗೆ ಯಂತ್ರಗಳ ರಿಪೇರಿ. ನಮ್ಮ ಕಂಪನಿಯ ಯಂತ್ರಗಳು ಆ ಊರಿನಲ್ಲಿ ಬೇರೆಲ್ಲೂ ಇಲ್ಲದಷ್ಟು ಮಾರಾಟವಾಗುತ್ತವೆ. ಕಾರಣ ಹೇಳಲು ನನಗೆ ನಾಚಿಕೆ. ಹಿಡಿದವರಿಗೆ ಕೂತು ಮಾಡುವ ಕೆಲಸ ಬೇಕು. ಬೀದಿಯಲ್ಲಿ ನಡೆದರೆ ನಾಲ್ಕೈದು ಮನೆಗೊಂದರಂತೆ ಹೊಸ್ತಿಲಲ್ಲಿ ಯಂತ್ರ, ಯಂತ್ರದ ಹಿಂದೆ ಒಬ್ಬರು. ತೊಗಲಿ ಎಂಬಾತ ತನ್ನ ಅಣ್ಣನಿಗಾಗಿ ಕೂತವನು. ಎಷ್ಟು ಕಾಲದಿಂದ ಎಂದು ಕೇಳಬಾರದು, ಅದು ಅಲ್ಲಿಯ ಮರ್ಯಾದೆ. ನಾನು ನೋಡುವ ಹೊತ್ತಿಗೆ ಅವನ ಗಡ್ಡ ಅರ್ಧ ಬೆಳ್ಳಗಾಗಿತ್ತು, ಅವನ ಸುತ್ತ ಮನೆಯವರು ಒಂದು ಅಂಗಡಿಯನ್ನೇ ಕಟ್ಟಿದ್ದರು. ಊರಿನ ಅಂಗಿಗಳಲ್ಲಿ ಅರ್ಧಕ್ಕರ್ಧ ಅವನ ಹೊಲಿಗೆ.

ತಿಂಗಳಿಗೊಮ್ಮೆ ಹೋಗಿ ನಾಲ್ಕು ದಿನ ಇದ್ದು, ಅಲ್ಲಿಂದ ಇನ್ನೆರಡು ಊರು ಮುಗಿಸಿ ನಾನು ಮನೆ ಸೇರುತ್ತಿದ್ದೆ. ಕೈಸನ್ನೆಯಲ್ಲೇ ಕೆಲಸ ನಡೆಯುತ್ತಿತ್ತು. ನಮ್ಮ ಮ್ಯಾನೇಜರ್ ಗುರುಪಾದಪ್ಪನವರಿಗೆ ಅದು ಸಾಕಾಗಲಿಲ್ಲ. "ನೀನು ಸಂಜೆ ಕಾಲೇಜಿನಲ್ಲಿ ಡಿಗ್ರಿ ಮಾಡಿದವನು, ಕಲಿಯೋ ಚಟ ಇದೆ ನಿನಗೆ. ಅವರ ಭಾಷೆ ಕಲಿತುಬಿಡು. ಮಾತಾಡಿಸಿದರೆ ಇನ್ನೂ ನಾಲ್ಕು ಯಂತ್ರ ಹೋಗುತ್ತವೆ" ಎಂದರು. ಸಂಜೆ ಕಾಲೇಜಿನಲ್ಲಿ ಕಲಿತವನಿಗೆ ಒಂದು ಅನುಮಾನ ಯಾವತ್ತೂ ಹೋಗುವುದಿಲ್ಲ. ಹಗಲು ಕಲಿತವರಿಗೆ ಗೊತ್ತಿರುವ ಏನೋ ಒಂದು ನನಗೆ ಗೊತ್ತಿಲ್ಲ ಎಂಬ ಅನುಮಾನ. ಅದಕ್ಕೇ ಯಾರಾದರೂ ಕಲಿ ಅಂದರೆ ನಾನು ಇಲ್ಲ ಅನ್ನುವುದಿಲ್ಲ.

ಆ ಊರಿನಲ್ಲೂ ಸಂಜೆಯ ತರಗತಿಯೇ ಇತ್ತು. ಕೆಂಜಿ ಮಾಸ್ತರು ಎಂಬ ಸಣಕಲು ಮನುಷ್ಯ ನಮ್ಮಂಥ ಬಂದು ಹೋಗುವ ವ್ಯಾಪಾರಸ್ಥರಿಗೆ ಪಾಠ ಹೇಳುತ್ತಿದ್ದರು. ಅವರ ಭಾಷೆಯಲ್ಲಿ ಕ್ರಿಯಾಪದ ಮೊದಲು ಬರುತ್ತದೆ. ಬೇಕು ನನಗೆ ನೀರು. ಮುರಿಯಿತು ನಿಮ್ಮ ಸೂಜಿ. ನಾನು ಬಸ್ಸಿನಲ್ಲಿ, ಲಾಡ್ಜಿನಲ್ಲಿ, ಚಹಾದಂಗಡಿಯಲ್ಲಿ ಗುಣುಗುಣು ಅಂತ ಅಭ್ಯಾಸ ಮಾಡುತ್ತಿದ್ದೆ. 'ಬಾಗಿದೆ' ಅನ್ನುವ ಬದಲು ಒಂದು ಅಕ್ಷರ ತಪ್ಪಿ, ತೊಗಲಿಯ ಯಂತ್ರದ ಸೂಜಿ ಬಸುರಿಯಾಗಿದೆ ಎಂದು ಅವನ ಮನೆಯವರೆದುರು ಗಂಭೀರವಾಗಿ ಹೇಳಿದ್ದೆ. "ಹೆರಿಗೆ ಯಾವಾಗಪ್ಪಾ?" ಎಂದು ಅವನು ತಿಂಗಳುಗಟ್ಟಲೆ ಕೇಳಿದ.

ಮಾಸ್ತರು ಒಂದು ದಿನ 'ಬಾ' ಎಂಬ ಕ್ರಿಯಾಪದದ ರೂಪಗಳನ್ನೆಲ್ಲ ಬೋರ್ಡಿನ ಮೇಲೆ ಬರೆದರು. ಬಂದನು, ಬಂದಳು, ಬರುತ್ತಾರೆ. 'ಬರುತ್ತೇನೆ' ಇರಬೇಕಾದ ಕಡೆ ಖಾಲಿ ಬಿಟ್ಟರು. ಉಳಿದವರು ಹಾಗೇ ಬರೆದುಕೊಂಡರು. ನನಗೆ ಖಾಲಿ ಜಾಗ ನೋಡಿದರೆ ತಳಮಳ, ಕೇಳಿಬಿಟ್ಟೆ. ಅವರು ಎದ್ದು ಹೋಗಿ ಕಿಟಕಿ ಹಾಕಿದರು, ಮಾತಾಡದೆ ಆ ಪದ ಬರೆದರು, ಅಂಗಿಯ ತೋಳಿನಿಂದಲೇ ಒರೆಸಿದರು.

"ಹೆದರಬೇಡ," ಎಂದರು. "ನೀನು ಇನ್ನೂ ಮಾತನ್ನು ತಲೆಯಲ್ಲಿ ಹೊಲಿದು ಬಾಯಿಗೆ ತರ್ತೀಯ. ಹೊಲಿದ ಮಾತು ಹಿಡಿಯಲ್ಲ. ತಾನಾಗಿ ಬಂದ ಮಾತು ಹಿಡಿಯುತ್ತೆ."

ಮುಂದಿನ ಮಳೆಗಾಲ ಕಳೆಯುವ ಹೊತ್ತಿಗೆ ಒಂದು ಸಂಜೆ ನಾನು ಅವರ ಹತ್ತಿರ ಏನೋ ಹರಟುತ್ತಿದ್ದೆ. ಊರಿನ ನೀರು, ನನ್ನ ಹೊಟ್ಟೆ, ಬಸ್ಸಿನ ಹೊಗೆ, ಇಂಥದ್ದೇ. ಅವರು ನಗುತ್ತ ಕೇಳುತ್ತಿದ್ದವರು ಮಧ್ಯದಲ್ಲಿ ನಗು ನಿಲ್ಲಿಸಿದರು. "ಈಗ ಹೆದರು," ಎಂದರು.

ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ನನಗೆ ಆವತ್ತಿನಿಂದ ನಿದ್ದೆ ಕೆಟ್ಟಿತು. ಊಟಕ್ಕೆ ಕೂತಾಗ, ಸ್ಕ್ರೂ ತಿರುಗಿಸುವಾಗ ಆ ಪದ ನಾಲಗೆಯ ತುದಿಗೆ ಬಂದು ಕೂತ ಹಾಗೆ ಅನ್ನಿಸುತ್ತಿತ್ತು. ಯಾರ ಮನೆಯಿಂದ ಹೊರಡುವಾಗಲೂ ಹಲ್ಲುಗಳ ನಡುವೆ ಒಂದು ಲವಂಗ ಕಚ್ಚಿಕೊಳ್ಳುತ್ತಿದ್ದೆ. "ಏನು ಮಿಶಿನಪ್ಪ, ಮಾತು ಬಂತಂತೆ ನಿನಗೆ?" ಎಂದು ತೊಗಲಿ ಛೇಡಿಸಿದ. "ನನಗೆ ಮಾತ್ರ ಏನೂ ಹೇಳಬೇಡ ಮಾರಾಯ. ನನಗೆ ಒಬ್ಬ ಸಾಕು."

ನನಗೆ ಇನ್ನೊಂದು ತೊಂದರೆಯಿತ್ತು, ಅದು ಆ ಊರಿನವರಿಗೆ ಇಲ್ಲದ್ದು. ನಾವು ಕನ್ನಡದವರು 'ಹೋಗ್ತೀನಿ' ಅನ್ನುವುದಿಲ್ಲ. ಚಿಕ್ಕಂದಿನಲ್ಲಿ ನಾನು ಹಾಗೆ ಅಂದಾಗಲೆಲ್ಲ ನಮ್ಮಮ್ಮ ಬಾಗಿಲಿನಿಂದ ವಾಪಸ್ಸು ಕರೆದು ಸರಿಯಾಗಿ ಹೇಳಿಸಿ ಕಳಿಸುತ್ತಿದ್ದಳು. ಹೊಸ್ತಿಲು ದಾಟುವಾಗ 'ಬರ್ತೀನಿ' ಅನ್ನದಿದ್ದರೆ ನನಗೆ ಚಪ್ಪಲಿ ಮೆಟ್ಟದೆ ಹೊರಟ ಹಾಗೆ ಆಗುತ್ತದೆ. ಆ ಊರಿನ ಮಾತು ಬರುವ ಮೊದಲಿನಿಂದಲೂ ನಾನು ಅಲ್ಲಿ ಕನ್ನಡದಲ್ಲಿ ಎಲ್ಲರಿಗೂ 'ಬರ್ತೀನಿ' ಅನ್ನುತ್ತಿದ್ದೆ, ಅದು ಯಾರನ್ನೂ ಹಿಡಿದಿರಲಿಲ್ಲ.

ನಾನು ಉಳಿಯುತ್ತಿದ್ದ ಮನೆಯ ಮಿಸಾಲಿಗೆ ಆ ಮಾತು ತುಂಬ ಇಷ್ಟ. ಆಕೆ ಐವತ್ತರ ಆಸುಪಾಸಿನ ಹೆಂಗಸು, ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದಳು. ಗಂಡ ಹೊರಟ ದಿನ ಎಷ್ಟು ಜೋರಾಗಿ ಕೊಡ ಬಡಿದಿದ್ದಳೆಂದರೆ ಅವನು ಏನಾದರೂ ಅಂದನೋ ಇಲ್ಲವೋ ಕೇಳಿಸಲೇ ಇಲ್ಲವಂತೆ. ಆಮೇಲೆ ಅವನು ಹೊಳೆಯಲ್ಲಿ ಕೊಚ್ಚಿಹೋದ ಸುದ್ದಿ ಬಂತು. "ನಿಮ್ಮ ಮಾತಿಗೆ ಹಲ್ಲಿಲ್ಲ, ಎಷ್ಟು ಚೆನ್ನಾಗಿದೆ. ಇನ್ನೊಂದು ಸಲ ಅನ್ನು" ಎಂದು ಬಾಗಿಲಲ್ಲಿ ನಿಲ್ಲಿಸಿ ಹೇಳಿಸುತ್ತಿದ್ದಳು. ನಾನು ಲವಂಗ ಉಗಿದು, ಇದು ಕನ್ನಡ, ಇದು ಕನ್ನಡ ಎಂದು ಮನಸ್ಸಿನಲ್ಲಿ ಅಂದುಕೊಂಡು, ಮಗ್ಗಿ ಒಪ್ಪಿಸುವ ಹಾಗೆ ನಿಧಾನವಾಗಿ ಹೇಳುತ್ತಿದ್ದೆ. ಆಕೆ ನನ್ನಿಂದ ಕಲಿತ ಕನ್ನಡದಲ್ಲಿ, "ಬಾ ಮತ್ತೆ ನೀನು, ತಿನ್ನು ದಾರಿಲಿ ರೊಟ್ಟಿ" ಅನ್ನುತ್ತಿದ್ದಳು. ಪ್ರತಿ ಸಲವೂ ಅದೇ ಉತ್ತರ.

ನನ್ನ ಹೆಂಡತಿ ಅನಸೂಯ ಮನೆಯಲ್ಲಿ ಬೇರೆ ರೀತಿಯಲ್ಲಿ ನಗುತ್ತಿದ್ದಳು. "ಅದೇನ್ರೀ ನೀವು ಮಾತಾಡೋದು, ಆಯ್ತು ನಂದು ಸ್ನಾನ, ಎಲ್ಲಿದೆ ನನ್ನ ಟವೆಲು? ಯಾರೋ ಡಬ್ಬಿಂಗ್ ಮಾಡಿದ ಹಾಗಿದೆ." ನಾನು ತಿದ್ದಿಕೊಳ್ಳುತ್ತಿದ್ದೆ. ಮತ್ತೆ ಹಾಗೇ ಬರುತ್ತಿತ್ತು.

ಈ ಸಲ ನಾನು ಹೋದಾಗ ಮಿಸಾಲಿಯ ಮನೆಯಲ್ಲಿ ಗಂಟುಮೂಟೆ ಸಿದ್ಧವಾಗುತ್ತಿತ್ತು. ಅವಳ ಮಗಳು ಅಲುಮೆ ಹೊಳೆಯಾಚೆಯ ಹಳ್ಳಿಯಲ್ಲಿ ತುಂಬು ಬಸುರಿ. ಮೊದಲನೆಯ ಹೆರಿಗೆಯಲ್ಲಿ ಮಗು ಉಳಿದಿರಲಿಲ್ಲ, ಅಲುಮೆಯೂ ಸತ್ತು ಬದುಕಿದ್ದಳು. ಈ ಸಲ ತಾಯಿ ಪಕ್ಕದಲ್ಲಿರಬೇಕು ಎಂದು ಹೇಳಿ ಕಳಿಸಿದ್ದಳು. ದೋಣಿ ಸಂತೆಯ ದಿನ ಮಧ್ಯಾಹ್ನ ಒಮ್ಮೆ ಹೊರಟರೆ ಮತ್ತೆ ಮುಂದಿನ ಸಂತೆಗೇ. ಅಷ್ಟರೊಳಗೆ ಹೆರಿಗೆಯಾಗಿಬಿಡುತ್ತದೆ ಎಂದು ಮಿಸಾಲಿ ಬೆರಳು ಮಡಚಿ ಮಡಚಿ ನೋಡುತ್ತಿದ್ದಳು.

ಸಂತೆಯ ದಿನ ಬೆಳಗ್ಗೆ ನನ್ನ ಬಸ್ಸು. ನಾನು ಏಳುವುದು ತಡವಾಯಿತು. ಬಸ್ಸಿನ ಹಾರನ್ ಬೀದಿಯ ತುದಿಯಲ್ಲಿ ಕೇಳುತ್ತಿತ್ತು, ಉಪಕರಣಗಳ ಪೆಟ್ಟಿಗೆಯ ಚಿಲಕ ಕೂರುತ್ತಿರಲಿಲ್ಲ, ಮಿಸಾಲಿ ರೊಟ್ಟಿಯ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪೊಟ್ಟಣ ತೆಗೆದುಕೊಂಡು ಓಡಿದೆ.

ಬಸ್ಸಿನಲ್ಲಿ ಕೂತರೆ ಆ ದಿನ ಆಡಿದ ಮಾತುಗಳನ್ನೆಲ್ಲ ಒಂದೊಂದಾಗಿ ನೆನೆದು ತಪ್ಪು ಹುಡುಕುವುದು ನನ್ನ ಅಭ್ಯಾಸ. ಕಲಿಯುವವರಿಗೆ ಒಳ್ಳೆಯದು ಎಂದು ಮಾಸ್ತರೇ ಹೇಳಿದ್ದರು. ಎದ್ದ ತಕ್ಷಣ 'ಹೊತ್ತೆಷ್ಟು' ಎಂದೆ, ಸರಿ. 'ಎಲ್ಲಿ ನನ್ನ ಸ್ಕ್ರೂಡ್ರೈವರ್' ಎಂದೆ, ಸರಿ. ಬಾಗಿಲಲ್ಲಿ 'ಬರುತ್ತೇನೆ' ಎಂದೆ. ಅಲ್ಲಿಗೆ ನನ್ನ ಯೋಚನೆ ನಿಂತಿತು. ಲವಂಗ ಕಚ್ಚಿದ್ದು ನೆನಪಿಲ್ಲ. ಮಗ್ಗಿಯ ಹಾಗೆ ನಿಧಾನವಾಗಿ ಹೇಳಿದ್ದು ನೆನಪಿಲ್ಲ. ಹೇಳಿದ್ದು ಮಾತ್ರ ನೆನಪಿದೆ. ಯಾವ ಭಾಷೆಯಲ್ಲಿ?

ಭಾಷೆ ಸರಿಯಾಗಿ ಬಾರದಿದ್ದಾಗ ಪ್ರತಿ ಪದವೂ ಕಲ್ಲಿನ ಹಾಗೆ ನೆನಪಿನಲ್ಲಿರುತ್ತದೆ. ಬಂದ ಮೇಲೆ ಅರ್ಥ ಉಳಿಯುತ್ತದೆ, ಪದ ಉಳಿಯುವುದಿಲ್ಲ. ನಾನು ಕಣ್ಣು ಮುಚ್ಚಿ ನನ್ನ ಬಾಯಿ ಹೇಗೆ ತೆರೆದುಕೊಂಡಿತ್ತು ಎಂದು ನೆನೆಯಲು ನೋಡಿದೆ. ಒಮ್ಮೆ ಕನ್ನಡದ ಹಾಗೆ ಕೇಳಿಸಿತು, ಒಮ್ಮೆ ಅವರದರ ಹಾಗೆ. ಎರಡೂ ನನ್ನದೇ ದನಿ.

ಪಕ್ಕದಲ್ಲಿ ಗುಂಡಿ ಮಾರುವ ಹೆಂಗಸೊಬ್ಬಳು ಕೂತಿದ್ದಳು, ಆ ಊರಿನವಳೇ, ಬಾಯಿ ತುಂಬ ಎಲೆಯಡಿಕೆ. "ಏನಯ್ಯ, ಬಸ್ಸಿಗೆ ಮುಂಚೆ ನೀನೇ ನಡುಗ್ತಿದ್ದೀಯ?" ಎಂದಳು. ನಾನು ಹೇಳಿದೆ. ಅವಳು ಕಿಟಕಿಯಿಂದ ಉಗಿದು ನನ್ನತ್ತ ಪೂರ್ತಿ ತಿರುಗಿದಳು.

"ನೀನು ಏನಂದೆ ಅನ್ನೋದು ಬಿಡು. ಅವಳು ಏನಂದಳು?"

ನಾನು ಬಾಯಿ ತೆರೆದೆ. ಬಾ ಮತ್ತೆ ನೀನು, ತಿನ್ನು ದಾರಿಲಿ ರೊಟ್ಟಿ. ಇವತ್ತು ಆ ಉತ್ತರ ಬಂದಿರಲಿಲ್ಲ. ನಾನು ಓಡುತ್ತ ಒಮ್ಮೆ ತಿರುಗಿ ನೋಡಿದಾಗ ಆಕೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ತನ್ನ ಕಾಲು ನೋಡಿಕೊಳ್ಳುತ್ತಿದ್ದಳು.

"ಇಳಿ," ಎಂದಳು ಗುಂಡಿಯವಳು, ಮತ್ತೆ ತಾನೇ ಡ್ರೈವರನನ್ನು ಕೂಗಿದಳು. "ನಿಲ್ಸಪ್ಪ. ಇವನಿಗೆ ವಾಂತಿ ಬಂದಿದೆ."

ವಾಪಸ್ಸು ಹೋಗುವ ಬಸ್ಸು ಸಂಜೆಗೆ. ಪೆಟ್ಟಿಗೆ ಹೊತ್ತುಕೊಂಡು ನಡೆದೆ, ಇಳಿಜಾರು ಬಂದ ಕಡೆ ಓಡಿದೆ. ದಾರಿಯುದ್ದಕ್ಕೂ ನನ್ನ ಜೊತೆ ನಾನೇ ಜಗಳವಾಡಿದೆ. ಏನೂ ಆಗಿರುವುದಿಲ್ಲ, ಅವಳು ನಗುತ್ತಾಳೆ, ಮ್ಯಾನೇಜರು ಬೈಯುತ್ತಾರೆ, ಅಷ್ಟೇ. ಮರುಕ್ಷಣ ಅಲುಮೆಯ ಮುಖ ಕಾಣುತ್ತಿತ್ತು. ಅವಳನ್ನು ನಾನು ನೋಡಿಯೇ ಇರಲಿಲ್ಲ, ಆದರೂ ಕಾಣುತ್ತಿತ್ತು. ಊರಿನ ಹತ್ತಿರದ ತಿರುವಿನಲ್ಲಿ ಹೊಳೆ ಕಂಡಿತು. ದೋಣಿಗೆ ಮೂಟೆ ತುಂಬುತ್ತಿದ್ದರು.

ಮಿಸಾಲಿ ಹೊಸ್ತಿಲಲ್ಲಿ ಕೂತಿದ್ದಳು. ಊರಿಗೆ ಹೊರಡುವ ಹೊಸ ಸೀರೆ, ಕಾಲಲ್ಲಿ ಚಪ್ಪಲಿ, ಪಕ್ಕದಲ್ಲಿ ಗಂಟು. ಅಕ್ಕಪಕ್ಕದವರು ಆಗಲೇ ಗಡಿಗೆಗೆ ನೀರು ತುಂಬಿ, ಚಾಪೆ ತಂದು ಹಾಕಿದ್ದರು. ಒಬ್ಬ ಮುದುಕ ನಮ್ಮ ಕಂಪನಿಯ ಯಾವ ಮಾಡೆಲ್ ಅವಳಿಗೆ ಸರಿ ಎಂದು ಪಕ್ಕದವನ ಹತ್ತಿರ ಚರ್ಚೆ ಮಾಡುತ್ತಿದ್ದ. ನನ್ನನ್ನು ನೋಡಿ ಎಲ್ಲರೂ ದಾರಿ ಬಿಟ್ಟರು. ನಾನು ಅವಳೆದುರು ನಿಂತೆ, ಉಸಿರು ಸಿಗುತ್ತಿರಲಿಲ್ಲ. ಮಿಸಾಲಿ ಒಂದು ಕಾಲನ್ನು ಮೆಲ್ಲಗೆ ಹೊಸ್ತಿಲಾಚೆ ಇಟ್ಟಳು, ಇನ್ನೊಂದನ್ನು ಇಟ್ಟಳು. ಗಂಟನ್ನು ನನ್ನ ಎದೆಗೆ ಎಸೆದಳು.

"ಹೊರು. ಹೊತ್ತಾಯ್ತು. ಬೈಯೋದು ದಾರೀಲಿ ಬೈತೀನಿ."

ನಾನು ಗಂಟು ಹೊತ್ತು ಅವಳ ಹಿಂದೆ ಓಡಿದೆ. "ತಪ್ಪಾಯ್ತು ಅಕ್ಕ, ಲವಂಗ ಮರೆತೆ, ನಿಮ್ಮ ಮಾತು ಬಾಯಿಗೆ ಬಂದುಬಿಡ್ತು" ಎಂದು ಬಡಬಡಿಸಿದೆ. ಅವಳು ನಡೆಯುತ್ತಲೇ ತಲೆ ಅಲ್ಲಾಡಿಸಿದಳು. ಬೈಯುವ ಮುಖವಾಗಿರಲಿಲ್ಲ ಅದು.

"ನಮ್ಮ ಮಾತಲ್ಲ," ಎಂದಳು. "ನೀನು ನಿಮ್ಮದರಲ್ಲೇ ಅಂದೆ. ನನಗೆ ಚೆನ್ನಾಗಿ ಗೊತ್ತು, ನಾನು ಅದನ್ನು ಕೇಳೋಕೆ ಅಂತಲೇ ಅಲ್ಲಿ ನಿಂತಿದ್ದೆ. ಬರ್ತೀನಿ ಅಂದೆ. ಬಾ ಮತ್ತೆ ಅನ್ನೋಣ ಅಂತ ಬಾಯಿ ತೆರೆದರೆ ಅಂಗಾಲು ತಣ್ಣಗಾಯ್ತು."

"ಕನ್ನಡ ಹಿಡಿಯಲ್ಲ ಅಕ್ಕ."

"ಹಿಡೀತು."

ದೋಣಿಯವನು ಹಗ್ಗ ಬಿಚ್ಚುತ್ತಿದ್ದ. ನಾನು ಅವಳ ಕೈ ಹಿಡಿದು ಹತ್ತಿಸಿ ಗಂಟು ಕೊಟ್ಟೆ. ಅವಳು ಹಲಗೆಯ ಮೇಲೆ ಕೂತು ಸೆರಗು ಸರಿಮಾಡಿಕೊಂಡವಳು ತಟ್ಟನೆ ಮುಖವೆತ್ತಿದಳು.

"ಮಿಶಿನಪ್ಪ, ಮನೆಯಿಂದ ಹೊರಡುವಾಗ ನಿನ್ನ ಹೆಂಡತಿಗೆ ಏನಂತ ಹೇಳಿ ಬಂದೆ?"

ದೋಣಿ ಸರಿಯಿತು. ಮಿಸಾಲಿ ಬೆನ್ನು ತಿರುಗಿಸದೆ ನನ್ನನ್ನೇ ನೋಡುತ್ತ ಹೋದಳು.

ಆ ಊರಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಗುಡ್ಡದ ಮೇಲೆ ಮಾತ್ರ. ಪ್ರತಿ ಸಲ ಮುಂದಿನ ಊರು ಮುಟ್ಟಿದ ಮೇಲೇ ನಾನು ಮನೆಗೆ ಫೋನು ಮಾಡುತ್ತಿದ್ದುದು. ಗುಡ್ಡ ಹತ್ತುವಾಗ ಅನಸೂಯ ಎಲ್ಲಿ ನಿಂತಿದ್ದಳು ಎಂದು ನೆನಪು ಮಾಡಿಕೊಂಡೆ. ಗೇಟಿನ ಒಳಗೆ, ಹಾಲಿನ ಪಾತ್ರೆ ಹಿಡಿದು, ಮೆಟ್ಟಿಲ ಮೇಲೆ. ನಾನು ತಿರುಗಿ ಹೇಳಿದ್ದೆ. ಹೇಳದೆ ಯಾವತ್ತು ಹೊರಟಿದ್ದೇನೆ? ನಮ್ಮ ಮನೆಯ ಬಚ್ಚಲು ಹಿತ್ತಲಿನ ಕೊನೆಯಲ್ಲಿದೆ.

ಒಂದೇ ರಿಂಗಿಗೆ ಎತ್ತಿದಳು.

"ಎಲ್ಲಿದ್ದೀರಿ ನೀವು? ನಾಲ್ಕು ದಿನದಿಂದ ಮಾಡ್ತಿದ್ದೀನಿ, ಹತ್ತೋದೇ ಇಲ್ಲ ನಿಮ್ಮ ಫೋನು."

"ನೀನು ಎಲ್ಲಿದ್ದೀಯ?"

"ಎಲ್ಲಿರ್ತೀನಿ? ಮೆಟ್ಟಿಲ ಮೇಲೆ." ಅವಳ ದನಿ ನಗಲು ನೋಡಿ ಸೋತಿತು. "ಕಾಲಿಗೆ ಏನೋ ಆಗಿದೆ ಕಣ್ರೀ. ನಿಲ್ತೀನಿ, ಕೂರ್ತೀನಿ, ಒಳಗೆ ಹೋಗೋಣ ಅಂದರೆ ಬರಲ್ಲ. ಡಾಕ್ಟರು ಬಂದು ನರ ಅಂದರು. ನಾಲ್ಕು ಜನ ಸೇರಿ ಎತ್ತಿದರೂ ಆಗಲಿಲ್ಲ, ಹಾಗೆ ಕಿರುಚಿಬಿಟ್ಟೆ. ಎದುರುಮನೆ ದಾಕ್ಷಾಯಿಣಕ್ಕ ಟಾರ್ಪಾಲು ಕಟ್ಟಿಸಿದಾರೆ, ಸೀರೆ ಅಡ್ಡ ಹಿಡೀತಾರೆ. ನಾಚಿಕೆ ಆಗುತ್ತೆ. ಭಯ ಆಗುತ್ತೆ ರಾತ್ರಿ."

ನಾನು ಟ್ಯಾಂಕಿನ ಕಂಬಕ್ಕೆ ಒರಗಿದೆ. ಅವಳು ಮಾತಾಡುತ್ತಿರುವಾಗಲೇ ಬೇರೆಯವರು ನೆನಪಾಗತೊಡಗಿದರು. ಆಫೀಸಿನಲ್ಲಿ ಗುರುಪಾದಪ್ಪನವರು. ನಮ್ಮ ಬಸ್‌ಸ್ಟ್ಯಾಂಡಿನ ಚಹಾದವನು. ಟಿಕೆಟ್ ಕೌಂಟರಿನ ಆ ಹೊಸ ಹುಡುಗಿ, ಅವಳಿಗೂ ಸುಮ್ಮನೆ ಮರ್ಯಾದೆಗೆ ಅಂದಿದ್ದೆ. ಇನ್ನು ಯಾರು ಯಾರು? ಯಾವತ್ತಿನಿಂದ ಶುರುವಾಯಿತು ಇದು?

"ಕೇಳಿಸ್ತಿದೆಯಾ?" ಎಂದಳು. "ಸುಮ್ಮನೆ ಯಾಕಿದ್ದೀರಿ? ಬರ್ತೀರಾ?"

ಬರುತ್ತೇನೆ ಅನ್ನುವಂತಿಲ್ಲ. ಹೊರಟೆ ಅನ್ನಬಹುದೇ? ಇದ್ದೇನೆ ಅನ್ನಬಹುದೇ? ಯಾವ ಮಾತಿಗೆ ಹಲ್ಲು ಬಂದಿದೆ, ಯಾವುದಕ್ಕೆ ಇನ್ನೂ ಬಂದಿಲ್ಲ, ನನಗೆ ಗೊತ್ತಿರಲಿಲ್ಲ. ಇನ್ನೊಂದು ಮಾತು ಅವಳ ಮೇಲೆ ಬಿದ್ದರೆ ಅದನ್ನು ಬಿಡಿಸುವುದು ಹೇಗೆಂದು ಯಾವ ಮಾಸ್ತರೂ ಕಲಿಸಿರಲಿಲ್ಲ.

"ಒಂದು ಸಲ ಬರ್ತೀನಿ ಅನ್ನಿ ಸಾಕು," ಎಂದಳು ಅನಸೂಯ. ಅಳುತ್ತಿದ್ದಳು. "ಅಷ್ಟು ಹೇಳೋಕೂ ಆಗಲ್ವಾ ನಿಮಗೆ?"

ಉಪಕರಣಗಳ ಪೆಟ್ಟಿಗೆಯನ್ನು ಅಲ್ಲೇ ಟ್ಯಾಂಕಿನ ಕೆಳಗೆ ಬಿಟ್ಟೆ. ಗುಡ್ಡದ ದಾರಿಯ ತುಂಬ ಜಲ್ಲಿಕಲ್ಲು. ನಾನು ಸೊಂಟ ಬಗ್ಗಿಸಿ ಫೋನನ್ನು ನನ್ನ ಚಪ್ಪಲಿಯ ಹತ್ತಿರಕ್ಕೆ ಹಿಡಿದು, ಕಲ್ಲುಗಳು ಚೆನ್ನಾಗಿ ಸದ್ದು ಮಾಡುವ ಹಾಗೆ ಹೆಜ್ಜೆ ಊರುತ್ತ ರಸ್ತೆಯ ಕಡೆ ಇಳಿಯತೊಡಗಿದೆ. ಕೆಳಗೆ ಹೋದರೆ ಸಿಗ್ನಲ್ ಹೋಗುತ್ತದೆ. ಹೋಗುವವರೆಗೆ ಅವಳು ಕೇಳಲಿ.